ಸಾಗುವಳಿ ಚೀಟಿಯನ್ನು ಓದುವುದು

ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ಅವರ ಮನಸ್ಸಿನಲ್ಲಿ ಕಾವ್ಯವೋ ಆತ್ಮಕತೆಯೋ ಇದ್ದಿರಬೇಕು. ನಾನು ಬರೆಯಹೊರಟಿರುವುದು ತಾಲೂಕು ಕಛೇರಿಯಿಂದ ಬಂದ ಒಂದು ಹಾಳೆಯ ಬಗ್ಗೆ. ಅದಕ್ಕೆ ಸಾಗುವಳಿ ಚೀಟಿ ಅಂತ ಹೆಸರು. ಸರ್ಕಾರ ಒಬ್ಬನಿಗೆ ಜಮೀನು ಮಂಜೂರು ಮಾಡಿದಾಗ ಕೊಡುವ ಪತ್ರ ಇದು. ನಮ್ಮ ಕೇರಿಗಳಲ್ಲಿ ಟ್ರಂಕಿನ ತಳದಲ್ಲಿ, ಸತ್ತವರ ಫೋಟೋದ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿರುವ ಈ ಹಾಳೆಯನ್ನು ಓದಲು ಬಾರದವರು ಮೂರು ತಲೆಮಾರು ಕಾಪಾಡಿಕೊಂಡು ಬಂದಿದ್ದಾರೆ. ಓದಲು ಕಲಿತ ನಾವು, ವಚನಗಳಿಂದ ಹಿಡಿದು ನವ್ಯದವರೆಗೆ ಎಲ್ಲವನ್ನೂ ಒಡೆದು ನೋಡಿದ ನಾವು, ಇದನ್ನು ಮಾತ್ರ ಓದಬೇಕಾದ ಪಠ್ಯ ಅಂದುಕೊಳ್ಳಲಿಲ್ಲ. ವಕೀಲರಿಗೆ ಬಿಟ್ಟುಬಿಟ್ಟೆವು.

ನಾನು ವಕೀಲನಲ್ಲ. ಸಂಘಟನೆಯ ಕೆಲಸದಲ್ಲಿ ಅರ್ಜಿ ಬರೆದುಕೊಡುತ್ತಾ, ಉಪವಿಭಾಗಾಧಿಕಾರಿಗಳ ಕೋರ್ಟಿನ ಪಡಸಾಲೆಯಲ್ಲಿ ಕಾಯುತ್ತಾ ಇಷ್ಟು ಕಲಿತವನು.

ಚೀಟಿಯಲ್ಲಿ ಏನಿರುತ್ತದೆ? ಮಂಜೂರುದಾರನ ಹೆಸರು, ತಂದೆಯ ಹೆಸರು, ಜಾತಿ, ಗ್ರಾಮ, ಸರ್ವೆ ನಂಬರು, ಎಕರೆ-ಗುಂಟೆ, ಕಂದಾಯ, ಚಕ್ಕುಬಂದಿ. ಅದರ ಕೆಳಗೋ ಹಿಂಭಾಗದಲ್ಲೋ ಸಣ್ಣ ಅಕ್ಷರದ ಷರತ್ತುಗಳು. ಸರ್ವೆ ನಂಬರಿನ ಮುಂದೆ ಬಹಳ ಸಲ ಒಂದು ಪುಟ್ಟ ಪದ ಇರುತ್ತದೆ: 'ಪೈಕಿ'. ಅಂದರೆ ನೂರು ಎಕರೆಯ ಗೋಮಾಳವೋ ಹುಲ್ಲುಬನ್ನಿಯೋ ಇದ್ದರೆ ಅದರ ಪೈಕಿ 2 ಎಕರೆ ನಿನ್ನದು. ಎಲ್ಲಿಂದ ಎಲ್ಲಿಗೆ? ಅದನ್ನು ಸರ್ವೆಯವರು ಬಂದು ಅಳೆದು, ನಕ್ಷೆ ತಯಾರಿಸಿ, ಹೊಸ ನಂಬರು ಕೊಟ್ಟು, ಅಂದರೆ ಪೋಡಿ-ದುರಸ್ತಿ ಮಾಡಿ ಹೇಳಬೇಕು. ಎಷ್ಟೋ ಜಮೀನಿಗೆ ಅದು ನಡೆದೇ ಇಲ್ಲ. ಚೀಟಿ ಕೊಟ್ಟವರು ದುರಸ್ತಿ ಮಾಡಲಿಲ್ಲ. ದುರಸ್ತಿ ಆಗದ ಜಮೀನಿನ ಬಾಂದು ಕಲ್ಲನ್ನು ಪಕ್ಕದ ಹೊಲದವನು ವರ್ಷಕ್ಕೊಂದು ಮೊಳ ಒಳಕ್ಕೆ ತಳ್ಳಿದ. ಸರ್ಕಾರ ಕೊಟ್ಟದ್ದು ಎಷ್ಟು, ಕೈಯಲ್ಲಿ ಉಳಿದದ್ದು ಎಷ್ಟು ಎಂಬ ಪ್ರಶ್ನೆಯಲ್ಲಿ ಅರ್ಧ ಈ 'ಪೈಕಿ'ಯಲ್ಲೇ ಮುಗಿದುಹೋಗುತ್ತದೆ.

ಆದರೆ ನಿಜವಾಗಿ ಓದಬೇಕಾದದ್ದು ಷರತ್ತು. 'ಪರಭಾರೆ ಮಾಡಕೂಡದು' ಎಂಬ ಷರತ್ತು. ಮಾರಬಾರದು, ಭೋಗ್ಯಕ್ಕೆ ಹಾಕಬಾರದು, ದಾನ ಕೊಡಬಾರದು. ಎಷ್ಟು ವರ್ಷ? ಇಲ್ಲೇ ಇರುವುದು ಗುಟ್ಟು. ಹಳೆಯ ಮೈಸೂರು ಸಂಸ್ಥಾನದಲ್ಲಿ 1888ರ ಭೂಕಂದಾಯ ಸಂಹಿತೆಯ ಅಡಿಯಲ್ಲಿ ಮಾಡಿದ ನಿಯಮಗಳ ಪ್ರಕಾರ 'ನಿಮ್ನ ವರ್ಗ'ದವರಿಗೆ ಪುಕ್ಕಟೆಯಾಗಿ ಕೊಟ್ಟ ಜಮೀನನ್ನು ಎಂದೆಂದಿಗೂ ಪರಭಾರೆ ಮಾಡುವಂತಿರಲಿಲ್ಲ. ಕಿಮ್ಮತ್ತು ಕಟ್ಟಿಸಿಕೊಂಡು ಕೊಟ್ಟದ್ದಕ್ಕೆ ಕೆಲವು ವರ್ಷಗಳ ತಡೆ ಮಾತ್ರ. 1969ರ ಭೂಮಂಜೂರಾತಿ ನಿಯಮಗಳು ಬಂದ ಮೇಲೆ ತಡೆ 15 ವರ್ಷ. ಹೀಗಾಗಿ ಒಂದೇ ಊರಿನ ಇಬ್ಬರು ದಾಯಾದಿಗಳ ಚೀಟಿ ಬೇರೆ ಬೇರೆ ಕಾನೂನನ್ನು ಹೊತ್ತಿರಬಹುದು. ಯಾವ ಇಸವಿ, ಪುಕ್ಕಟೆಯೋ ಕಿಮ್ಮತ್ತಿಗೋ ಎಂಬ ಎರಡು ಸಂಗತಿ ಗೊತ್ತಿಲ್ಲದೆ ಈ ಹಾಳೆಯನ್ನು ಓದಿದ್ದೇನೆ ಅನ್ನುವಂತಿಲ್ಲ.

ಇಂಥ ಷರತ್ತು ಮೈಸೂರಿನ ಒಂಟಿ ಕಥೆಯಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರನಾಗಿದ್ದ ಟ್ರೆಮೆನ್‌ಹೀರ್ ಪರೆಯರ ಸ್ಥಿತಿಯ ಬಗ್ಗೆ ಬರೆದ ವರದಿಯ ಬೆನ್ನಲ್ಲೇ 1892ರಲ್ಲಿ ಅಸ್ಪೃಶ್ಯರಿಗೆ ಜಮೀನು ಕೊಡುವ ಆದೇಶ ಬಂತು. ಹತ್ತು ವರ್ಷ ಮಾರುವಂತಿಲ್ಲ, ಆಮೇಲೂ ಅದೇ ವರ್ಗದವರಿಗಲ್ಲದೆ ಬೇರೆಯವರಿಗೆ ಮಾರುವಂತಿಲ್ಲ. ತಮಿಳುನಾಡಿನವರು ಇವತ್ತಿಗೂ 'ಪಂಚಮಿ ನಿಲಂ' ಎಂದು ಹೋರಾಡುತ್ತಿರುವುದು ಇದಕ್ಕೇ. ಅದೇ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ನಿಮ್ನ ವರ್ಗಕ್ಕೆಂದು ಕಾದಿರಿಸಿದ ಜಮೀನಿಗೆ 'ಡಿ.ಸಿ. ಮನ್ನಾ' ಎನ್ನುತ್ತಾರೆ. ಮಂಗಳೂರು, ಉಡುಪಿ ಕಡೆಯ ದಲಿತ ಸಂಘಟನೆಗಳ ಮನವಿಪತ್ರಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಮಂದಿ ಇದನ್ನು ಜಿಲ್ಲಾಧಿಕಾರಿಯ ಭೂಮಿ ಅಂದುಕೊಂಡಿದ್ದಾರೆ! ಡಿ.ಸಿ. ಅಂದರೆ ಡಿಪ್ರೆಸ್ಡ್ ಕ್ಲಾಸ್ ಅಂತ ಗೊತ್ತಿಲ್ಲದೆ ಹೋದರೆ ತನ್ನ ಹಕ್ಕಿನ ಹೆಸರೇ ಬೇರೆಯವನ ಹುದ್ದೆಯಾಗಿ ಕಾಣುತ್ತದೆ.

ಇನ್ನೊಂದು ದಾರಿಯಲ್ಲೂ ದಲಿತರಿಗೆ ಜಮೀನು ಬಂದಿತ್ತು. ತೋಟಿ, ತಳವಾರ, ನೀರಗಂಟಿ ಚಾಕರಿಗಾಗಿ ಬಿಟ್ಟ ಇನಾಮು. ಅದು ಜಮೀನು ಹೌದು, ಸಂಕೋಲೆಯೂ ಹೌದು. ಊರಿನ ಹೆಣ ಹೊತ್ತುಕೊಂಡು, ಸಾವಿನ ಸುದ್ದಿ ಹೊತ್ತುಕೊಂಡು, ಅಮಲ್ದಾರರ ಕುದುರೆಗೆ ಹುಲ್ಲು ಹೊತ್ತುಕೊಂಡು ಇರುವವರೆಗೆ ಹೊಲ ನಿನ್ನದು. ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೆ ವತನ ಎನ್ನುತ್ತಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಲು ಮಸೂದೆ ಮಂಡಿಸಿದ್ದು ಈ ಸಂಕೋಲೆಯನ್ನು ಬಿಚ್ಚಲು: ಚಾಕರಿಯಿಂದ ಜಮೀನನ್ನು ಬೇರ್ಪಡಿಸಿ, ಬೇರೆ ರೈತರಂತೆ ಕಂದಾಯ ಕಟ್ಟಿ ಉಳುವ ಹಕ್ಕು ಕೊಡಿ ಎಂದು. ಅವರ ದೇವಸ್ಥಾನ ಪ್ರವೇಶದ ಹೋರಾಟಗಳ ಬಗ್ಗೆ ನಮ್ಮಲ್ಲಿ ಎಷ್ಟು ಬರೆದಿದ್ದಾರೆ, ಈ ಮಸೂದೆಯ ಬಗ್ಗೆ ಎಷ್ಟು ಬರೆದಿದ್ದಾರೆ, ಹೋಲಿಸಿ ನೋಡಿ. 1947ರಲ್ಲಿ ಅವರು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಇನ್ನೂ ಮುಂದೆ ಹೋಗಿ, ವ್ಯವಸಾಯದ ಭೂಮಿಯೆಲ್ಲ ಪ್ರಭುತ್ವದ್ದಾಗಬೇಕು, ಜಾತಿ ನೋಡದೆ ಸಾಮೂಹಿಕ ಸಾಗುವಳಿಗೆ ಕೊಡಬೇಕು ಅಂದಿತು. ಒಬ್ಬೊಬ್ಬನಿಗೆ ಎರಡೆರಡು ಎಕರೆ ಹರಿದು ಹಂಚಿದರೆ ಅದು ಉಳಿಯುವುದಿಲ್ಲ ಎಂಬ ಅನುಮಾನ ಅವರಿಗಿತ್ತು ಅನ್ನಿಸುತ್ತದೆ.

ಸ್ವಾತಂತ್ರ್ಯಾನಂತರದ ಭೂಸುಧಾರಣೆ ಏನು ಮಾಡಿತು? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಕಾಲದ ತಿದ್ದುಪಡಿ ದೊಡ್ಡ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಗೇಣಿ ರದ್ದಾಯಿತು, ನಮೂನೆ 7 ತುಂಬಿದ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ನಿಂತು ಒಡೆಯನಾದ. ಆದರೆ ಕಾನೂನಿನ ಭಾಷೆಯಲ್ಲಿ 'ಉಳುವವನು' ಅಂದರೆ ಗೇಣಿದಾರ. ಜೀತಕ್ಕಿದ್ದವನು, ಕೂಲಿಗೆ ನೇಗಿಲು ಹಿಡಿದವನು ನಿಜವಾಗಿ ಉಳುತ್ತಿದ್ದರೂ ಆ ಅರ್ಥದಲ್ಲಿ ಉಳುವವನಲ್ಲ. ದಲಿತರಲ್ಲಿ ಬಹುಪಾಲು ಈ ಎರಡನೇ ಸಾಲಿನವರು. ಅವರ ಪಾಲಿಗೆ ಇದ್ದದ್ದು ಮಿತಿಗಿಂತ ಹೆಚ್ಚಾದ ಭೂಮಿಯಲ್ಲಿ ಅರ್ಧವನ್ನು ಪರಿಶಿಷ್ಟರಿಗೆ ಕೊಡಬೇಕೆಂಬ ಕಲಂ, ಮತ್ತು ಗೋಮಾಳದ ದರಖಾಸ್ತು. ಮಿತಿ ಮೀರಿದ ಭೂಮಿ ಸಿಕ್ಕಿದ್ದೇ ಕಡಿಮೆ. ಆಳಿನ ಹೆಸರಿಗೆ, ನಾಯಿಯ ಹೆಸರಿಗೆ ಬರೆದಿಟ್ಟರು ಎಂಬ ಮಾತು ಎಲ್ಲ ತಾಲೂಕಿನಲ್ಲೂ ಇದೆ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಬಿ. ಕೃಷ್ಣಪ್ಪನವರ ಕಾಲದಿಂದಲೂ ಭೂಮಿಯ ಪ್ರಶ್ನೆಯನ್ನು ಮುಂದಿಟ್ಟದ್ದು ಇದನ್ನು ಕಣ್ಣಾರೆ ಕಂಡು. ದೇಶದ ಲೆಕ್ಕ ತೆಗೆದುಕೊಂಡರೆ ಇವತ್ತಿಗೂ ಪರಿಶಿಷ್ಟ ಜಾತಿಯವರ ಕೈಯಲ್ಲಿರುವ ಸಾಗುವಳಿ ಭೂಮಿ ಹತ್ತನೇ ಒಂದು ಪಾಲಿಗಿಂತ ಕಡಿಮೆ. ನಮ್ಮ ರಾಜ್ಯದಲ್ಲಿ 2011ರ ಜನಗಣತಿಯಂತೆ ಅವರ ಜನಸಂಖ್ಯೆ ಶೇ. 17.15.

ಹೀಗೆ ದರಖಾಸ್ತಿನಲ್ಲಿ ಬಂದ ಎರಡು ಎಕರೆ ಹೇಗೆ ಹೋಯಿತು? ದೊಡ್ಡ ದೊಡ್ಡ ಸಂಚುಗಳೇನೂ ಬೇಕಿರಲಿಲ್ಲ. ಮಗಳ ಮದುವೆಗೆ ಮುನ್ನೂರು ರೂಪಾಯಿ, ಎತ್ತು ಸತ್ತದ್ದಕ್ಕೆ ಇನ್ನೂರು, ಬರದ ವರ್ಷ ನಾಲ್ಕು ಪಲ್ಲ ರಾಗಿ. ಮೊದಲು ಭೋಗ್ಯ, ಆಮೇಲೆ ಛಾಪಾ ಕಾಗದದ ಮೇಲೆ ಒಂದು ಕೈಬರಹ, ಅದರ ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವನಿಗೆ ಅದು ಸಾಲದ ಕಾಗದ. ಒತ್ತಿಸಿಕೊಂಡವನಿಗೆ ಕ್ರಯದ ಕಾಗದ. ನಾನು ನೋಡಿದ ಕ್ರಯಪತ್ರಗಳಲ್ಲಿ 'ನನ್ನ ಸ್ವಸಂತೋಷದಿಂದ' ಎಂಬ ಪದ ತಪ್ಪದೆ ಇರುತ್ತದೆ. ವಿಮರ್ಶಕ ಮಿತ್ರರು ಈ ಒಂದು ಪದದ ಮೇಲೆ ಒಂದು ಪ್ರಬಂಧ ಬರೆಯಬಹುದು. ಒಪ್ಪಂದ ಸ್ವಾತಂತ್ರ್ಯ ಎಂಬ ತತ್ವ ನಿಂತಿರುವುದೇ ಈ ಸ್ವಸಂತೋಷದ ಮೇಲೆ. ಹಗಲು ಒಡೆಯನ ಹೊಲದಲ್ಲಿ ದುಡಿದು ಸಂಜೆ ಅವನ ಜಗಲಿಯ ಕೆಳಗೆ ನಿಂತು ಹೆಬ್ಬೆಟ್ಟು ಒತ್ತುವವನ ಸಂತೋಷ ಎಷ್ಟು ಸ್ವಂತದ್ದು ಎಂದು ನೋಂದಣಿ ಕಛೇರಿ ಕೇಳುವುದಿಲ್ಲ.

ಕೇಳಿದ್ದು 1978ರ ಕಾಯ್ದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ ಎಂಬ ಉದ್ದದ ಹೆಸರನ್ನು ಜನ 'ಪಿಟಿಸಿಎಲ್' ಅಂತ ಮೊಟಕು ಮಾಡಿಕೊಂಡಿದ್ದಾರೆ. ಜಾರಿಗೆ ಬಂದದ್ದು 1979ರ ಜನವರಿ 1. ನಾಲ್ಕನೇ ಕಲಮಿನಲ್ಲಿ ಎರಡು ಮಾತಿದೆ. ಮಂಜೂರಾತಿಯ ಷರತ್ತನ್ನು ಮುರಿದು ಮಾಡಿದ ಪರಭಾರೆ, ಕಾಯ್ದೆ ಬರುವ ಮೊದಲೇ ಆಗಿದ್ದರೂ, ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ್ದೂ ಅಸಿಂಧು. ಇವೆರಡನ್ನೂ ಕಲಸಿಕೊಳ್ಳಬಾರದು. 15 ವರ್ಷದ ಷರತ್ತಿದ್ದ ಜಮೀನನ್ನು 15 ವರ್ಷ ದಾಟಿದ ಮೇಲೆ, 1979ಕ್ಕೆ ಮುಂಚೆ ಮಾರಿದ್ದರೆ ಆ ಕ್ರಯ ಉಳಿಯುತ್ತದೆ. ಅದೇ ಜಮೀನನ್ನು 1979ರ ನಂತರ ಅನುಮತಿ ಇಲ್ಲದೆ ಮಾರಿದ್ದರೆ, ಅವಧಿ ಎಂದೋ ಮುಗಿದಿದ್ದರೂ, ಉಳಿಯುವುದಿಲ್ಲ. ಐದನೇ ಕಲಂ ಉಪವಿಭಾಗಾಧಿಕಾರಿಗೆ ಅಧಿಕಾರ ಕೊಡುತ್ತದೆ: ಅರ್ಜಿ ಬಂದರೆ, ಅಥವಾ ತಾನೇ ಮುಂದಾಗಿ, ಜಮೀನು ಬಿಡಿಸಿ ಮೂಲ ಮಂಜೂರುದಾರನಿಗೋ ವಾರಸುದಾರರಿಗೋ ಮರಳಿಸಬೇಕು. 'ಪರಭಾರೆ' ಎಂದರೆ ಮಾರಾಟ ಮಾತ್ರವಲ್ಲ; ಭೋಗ್ಯ, ಗುತ್ತಿಗೆ, ವಿನಿಮಯ, ಕ್ರಯದ ಕರಾರು ಎಲ್ಲವೂ. ಮನೆಯೊಳಗಿನ ವಿಭಾಗ, ಮರಣಶಾಸನ ಇದರಲ್ಲಿ ಸೇರುವುದಿಲ್ಲ.

ಈ ಕಾಯ್ದೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಐದನೇ ಕಲಮಿನ ಮೂರನೇ ಉಪಕಲಂ. ಮಂಜೂರಾದ ಜಮೀನು ಮಂಜೂರುದಾರನೂ ಅಲ್ಲದ, ಅವನ ವಾರಸುದಾರನೂ ಅಲ್ಲದ ಇನ್ನೊಬ್ಬನ ಕೈಯಲ್ಲಿದ್ದರೆ, ಅದು ಅಸಿಂಧುವಾದ ಪರಭಾರೆಯಿಂದಲೇ ಬಂದದ್ದು ಎಂದು ಭಾವಿಸತಕ್ಕದ್ದು. ಅಲ್ಲ ಎಂದು ರುಜುವಾತು ಮಾಡುವ ಹೊಣೆ ಇಟ್ಟುಕೊಂಡವನದು. ಸಾವಿರ ವರ್ಷ 'ನೀನು ಕದ್ದಿಲ್ಲ ಅಂತ ಸಾಬೀತು ಮಾಡು' ಎಂದು ಹೊಲೆಯ ಮಾದಿಗರನ್ನು ಕಂಬಕ್ಕೆ ಕಟ್ಟಿ ಕೇಳುತ್ತಿದ್ದ ಊರಿನಲ್ಲಿ, ಒಂದು ಕಾನೂನು ಪ್ರಶ್ನೆಯನ್ನು ತಿರುಗಿಸಿ ಕೇಳಿತು.

ಹಾಗೆಂದು ಕಾಯ್ದೆಗೆ ಕುರುಡಾಗಬೇಕಿಲ್ಲ. 'ಮಂಜೂರಾದ ಜಮೀನು' ಎಂಬುದರ ವ್ಯಾಖ್ಯೆ ನೋಡಿ. ಅದರೊಳಗೆ ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನನ್ನು ಹೊರಗಿಟ್ಟಿದ್ದಾರೆ. ಅಂದರೆ ತೋಟಿ, ತಳವಾರಿಕೆ, ನೀರಗಂಟಿ ಇನಾಮು ಈ ರಕ್ಷಣೆಗೆ ಬರುವುದಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಯಾಗಿ ಈ ಜಮೀನುಗಳು ಮೊದಲು ಸರ್ಕಾರಕ್ಕೆ, ಹಣ ಕಟ್ಟಿದ ಮೇಲೆ ಮತ್ತೆ ಹುದ್ದೆದಾರನಿಗೆ ಮರುಮಂಜೂರಾದವು. 1978ರ ತಿದ್ದುಪಡಿ 15 ವರ್ಷದ ತಡೆ ಹಾಕಿತು, ಅಷ್ಟೇ. ಗೋಮಾಳದಲ್ಲಿ ಭಿಕ್ಷೆಯಂತೆ ಪಡೆದ ಎರಡು ಎಕರೆಗೆ ಕಾವಲಿದೆ. ತಲೆಮಾರುಗಳ ಬಿಟ್ಟಿ ಚಾಕರಿಯಿಂದ ದುಡಿದ ಎರಡು ಎಕರೆಗೆ ಆ ಕಾವಲಿಲ್ಲ. ಇದನ್ನು ಕರಡು ಬರೆದವರ ಮರೆವು ಎನ್ನಬೇಕೋ ಜಾಣತನ ಎನ್ನಬೇಕೋ ನೀವೇ ತೀರ್ಮಾನಿಸಿ. ಅರ್ಜಿ ಹಾಕುವ ಮೊದಲು ಜಮೀನು ಯಾವ ದಾರಿಯಿಂದ ಬಂದದ್ದು ಎಂದು ನೋಡದೆ ಹತ್ತು ವರ್ಷ ಕೋರ್ಟು ಅಲೆದು ಕೈಚೆಲ್ಲಿದ ಕುಟುಂಬಗಳು ನನಗೆ ಗೊತ್ತು.

ಕೊಂಡವರು ಸುಮ್ಮನಿರಲಿಲ್ಲ. ನಮ್ಮ ಆಸ್ತಿಯ ಹಕ್ಕಿಗೆ ಧಕ್ಕೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಷರತ್ತಿರುವ ಜಮೀನನ್ನು ಕೊಂಡವನಿಗೆ ಬಂದದ್ದೇ ಕುಂಟು ಹಕ್ಕು, ಅದನ್ನು ಶಾಸನ ಕಿತ್ತುಕೊಂಡರೆ ಅನ್ಯಾಯವಿಲ್ಲ ಎಂಬುದು ಅದರ ಸಾರ. ಆದರೆ ಕಾಯ್ದೆ ಜಾರಿಗೆ ಬರುವ ಹೊತ್ತಿಗೇ ದೀರ್ಘಕಾಲದ ಅನುಭವದಿಂದ ಹಕ್ಕು ಪೂರ್ಣವಾಗಿದ್ದರೆ ಮುಟ್ಟುವಂತಿಲ್ಲ ಎಂದೂ ಹೇಳಿತು. 1994ರ ಕೆ.ಟಿ. ಹುಚ್ಚೇಗೌಡ ಪ್ರಕರಣದಲ್ಲಿ ಅದು ಇನ್ನಷ್ಟು ಸ್ಪಷ್ಟವಾಯಿತು: ಪೂರ್ಣ ಒಡೆತನ ಕೊಟ್ಟ ಮಂಜೂರಾತಿಯಾದರೆ 12 ವರ್ಷ, ಒಡೆತನ ಸರ್ಕಾರದಲ್ಲೇ ಉಳಿದಿದ್ದರೆ 30 ವರ್ಷ. ನೋಡಿ, ಮತ್ತೆ ಚೀಟಿಯ ಹಿಂಭಾಗಕ್ಕೇ ಬಂದೆವು.

ಆಮೇಲೆ ಬಂತು 'ತಡ'ದ ಪ್ರಶ್ನೆ. ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿ ಇಲ್ಲ. 2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಇಲ್ಲದಿದ್ದರೂ 'ಸಮಂಜಸ ಕಾಲ'ದಲ್ಲಿ ಬರಬೇಕು, ಕಾಯ್ದೆ ಬಂದು 25 ವರ್ಷವಾದ ಮೇಲೆ ಬಂದರೆ ಆಗದು ಅಂದಿತು. ಅದೇ ವರ್ಷದ ಕೊನೆಗೆ ಇನ್ನೊಂದು ತೀರ್ಪು ಅದನ್ನೇ ಗಟ್ಟಿ ಮಾಡಿತು. ಅಲ್ಲಿಂದ ಉಪವಿಭಾಗಾಧಿಕಾರಿಗಳ ಕೋರ್ಟಿನಿಂದ ಹೈಕೋರ್ಟಿನವರೆಗೆ ಅರ್ಜಿಗಳು ಒಂದರ ಹಿಂದೊಂದು ವಜಾ. ಮಂಜೂರಾತಿ ಸರಿ, ಷರತ್ತು ಸರಿ, ಉಲ್ಲಂಘನೆ ಸರಿ. ನೀನು ತಡವಾಗಿ ಬಂದೆ, ಹೋಗು.

ಒಂದು ದಿನ ಇಂಥ ವಿಚಾರಣೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರನ್ನು ಮೇಜಿನ ಆಚೆಯಿಂದ ಕೇಳಿದರು, "ಇಷ್ಟು ವರ್ಷ ಯಾಕವ್ವ ಸುಮ್ನಿದ್ದೆ?" ಆಕೆ ಹೇಳಿದ್ದು: "ಅವ್ರ ಹೊಲಕ್ಕೇ ಕೂಲಿಗೆ ಹೋಗ್ತಿದ್ನಲ್ಲ ಬುದ್ಧಿ. ಅವ್ರ ಮ್ಯಾಲೆ ಅರ್ಜಿ ಕೊಟ್ಬುಟ್ಟು ಮಾರ್ನೆ ದಿನ ಯಾರ್ ಹೊಲಕ್ ಹೋಗ್ಲಿ?" ಬರೆದುಕೊಳ್ಳುವ ಗುಮಾಸ್ತ ಇದನ್ನು ಬರೆದುಕೊಳ್ಳಲಿಲ್ಲ. ಆದೇಶದಲ್ಲಿ 'ವಿಳಂಬಕ್ಕೆ ಸಮರ್ಪಕ ಕಾರಣ ನೀಡಿರುವುದಿಲ್ಲ' ಎಂದಿತ್ತು.

ತಡ ಯಾರದ್ದು ಎಂಬುದನ್ನು ವಿಮರ್ಶೆ ಕೇಳಬೇಕು. ಉಪವಿಭಾಗಾಧಿಕಾರಿ ತಾನೇ ಮುಂದಾಗಿ ಕ್ರಮ ಕೈಗೊಳ್ಳಬಹುದು ಎಂದು ಕಾಯ್ದೆ 1979ರಿಂದ ಹೇಳುತ್ತಿದೆ. ದರಖಾಸ್ತು ರಿಜಿಸ್ಟರು ಸರ್ಕಾರದ ಬೀರುವಿನಲ್ಲಿದೆ, ಪಹಣಿ ಸರ್ಕಾರದ ಕೈಯಲ್ಲಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಮಂಜೂರುದಾರ ಯಾರು, ಈಗ ಒಂಬತ್ತನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ಎಂದು ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು. ಪರಭಾರೆ ನಿಷೇಧವನ್ನು ಹನ್ನೊಂದನೇ ಕಾಲಮ್ಮಿನಲ್ಲಿ ನಮೂದಿಸಿದ್ದರೆ ಎಷ್ಟೋ ನೋಂದಣಿ ಅಲ್ಲೇ ನಿಲ್ಲುತ್ತಿತ್ತು. ಹಾಗೆ ನೋಡದೆ ನಾಲ್ಕು ದಶಕ ಕಳೆದ ಪ್ರಭುತ್ವದ ತಡವನ್ನು ಹೆಬ್ಬೆಟ್ಟಿನವಳ ಲೆಕ್ಕಕ್ಕೆ ಬರೆದದ್ದು ಯಾವ ಸಮಂಜಸತೆ?

ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಜಮೀನು ಕಳೆದುಕೊಂಡವರು ತಿಂಗಳುಗಟ್ಟಲೆ ಧರಣಿ ಕೂತರು. ಬಹಳ ಮಂದಿ ವಯಸ್ಸಾದವರು, ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತವರು. 2023ರ ಜುಲೈಯಲ್ಲಿ ತಿದ್ದುಪಡಿ ಬಂತು: ಈ ಕಾಯ್ದೆಯ ಉಪಬಂಧಗಳನ್ನು ಬಳಸಲು ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ. ಎಲ್ಲರೂ ಸಿಹಿ ಹಂಚಿದೆವು. ಆದರೆ 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಕಾಲಮಿತಿ ಬೇರೆ, ವಿಳಂಬ ಬೇರೆ. ಶಾಸನ ಮೊದಲನೆಯದನ್ನು ತೆಗೆದರೂ ಎರಡನೆಯದನ್ನು ನ್ಯಾಯಾಲಯ ನೋಡಬಹುದು ಅಂದಿತು. ಕಾನೂನು ತಿಳಿದವರಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಕೇರಿಯಲ್ಲಿ ವಿವರಿಸಿ ಹೇಳಲು ನಾನು ಮೂರು ಸಲ ಪ್ರಯತ್ನಿಸಿದ್ದೇನೆ. "ಟೇಮ್ ಇಲ್ಲ ಅಂದ್ರಲ್ಲ ಅಣ್ಣ, ಮತ್ಯಾಕೆ ಲೇಟು ಅಂತಾರೆ?" ಎಂದು ಒಬ್ಬ ಹುಡುಗ ಕೇಳಿದ.

ಇನ್ನೊಂದು ಕಹಿ ಮಾತನ್ನೂ ಆಡಬೇಕು. ಕೊಂಡವರೆಲ್ಲ ಜಮೀನ್ದಾರರಲ್ಲ. ಕುರುಬರ, ಬೆಸ್ತರ, ಕೆಲವೊಮ್ಮೆ ನಮ್ಮವರದೇ ಬಡ ಕುಟುಂಬ ಸಾಲ ಮಾಡಿ ಒಂದು ಎಕರೆ ಕೊಂಡು ಬಾವಿ ತೋಡಿದ್ದಿದೆ. ಅವರ ಮೇಲೆ ಅರ್ಜಿ ಬಿದ್ದಾಗ ಊರು ಎರಡಾಗುತ್ತದೆ. ಇನ್ನು ನಗರದ ಅಂಚಿನಲ್ಲಿ ಇದೇ ಕಾಯ್ದೆಯನ್ನು ಹಿಡಿದು ಆಡುವ ದಲ್ಲಾಳಿಗಳಿದ್ದಾರೆ: ವಾರಸುದಾರರನ್ನು ಹುಡುಕಿ ತಂದು ಅರ್ಜಿ ಹಾಕಿಸಿ, ಜಮೀನು ಮರಳಿದ ಮೇಲೆ ಪೂರ್ವಾನುಮತಿಯನ್ನೂ ಅವರೇ ತಂದು ಕೊಳ್ಳುವವರು. ಕೆಲವರು ನೀಲಿ ಶಾಲು ಹೊದ್ದಿರುತ್ತಾರೆ ಎಂಬುದನ್ನೂ ಮುಚ್ಚಿಡುವುದು ಬೇಡ. ಮನೆಯ ಹೆಣ್ಣುಮಕ್ಕಳಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ನಾನು ಕಂಡ ಹಳೆಯ ಚೀಟಿಗಳಲ್ಲಿ ಹೆಂಗಸಿನ ಹೆಸರಿದ್ದದ್ದು ಬೆರಳೆಣಿಕೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ರೈತನಲ್ಲದವನೂ ಎಷ್ಟೇ ಆದಾಯದವನೂ ಕೃಷಿಭೂಮಿ ಕೊಳ್ಳಬಹುದು ಎಂದ ಮೇಲೆ ಹಣದ ಚೀಲಗಳು ಹಳ್ಳಿಯ ಒಳಗಿನವರೆಗೆ ಬಂದಿವೆ. ಪಿಟಿಸಿಎಲ್ ಅದರಿಂದ ರದ್ದಾಗಿಲ್ಲ; ಪೂರ್ವಾನುಮತಿ ಎಂಬ ಕಿಂಡಿಯ ಮೇಲಿನ ಒತ್ತಡ ಮಾತ್ರ ಹೆಚ್ಚಿದೆ.

ಕೊನೆಗೆ, ಈ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿ ಮಿತ್ರರಿಗೆ ಬಳಕೆಯ ನಾಲ್ಕು ಮಾತು. ಚೀಟಿ ಇಲ್ಲ ಎಂದು ಕೈಬಿಡಬೇಡಿ. ತಾಲೂಕು ಕಛೇರಿಯ ದಾಖಲೆ ಕೋಣೆಯಲ್ಲಿ ಮಂಜೂರಾತಿ ಆದೇಶ, ದರಖಾಸ್ತು ರಿಜಿಸ್ಟರು, ಹಳೆಯ ಐ.ಎಲ್., ಆರ್.ಆರ್. ಪ್ರತಿಗಳು, ಮ್ಯುಟೇಶನ್ ಪ್ರತಿಗಳು ಇರಬೇಕು. ಕೈಬರಹದ ಪಹಣಿಗಳನ್ನು ಮಂಜೂರಾತಿಯ ವರ್ಷದಿಂದ ಕೇಳಿ. ನೋಂದಣಿ ಕಛೇರಿಯಿಂದ ಋಣಭಾರ ಪತ್ರ, ಕ್ರಯಪತ್ರದ ದೃಢೀಕೃತ ನಕಲು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಸೇರಿಸಿ. ಪುಕ್ಕಟೆಯೋ ಕಿಮ್ಮತ್ತೋ ಎಂಬುದು ಆದೇಶದಲ್ಲೇ ಗೊತ್ತಾಗಬೇಕು. ಆದೇಶದ ಕಡತ ಕೇಳಿದಾಗ ಬಹಳ ಕಡೆ ಸಿಗುವ ಉತ್ತರ ಒಂದೇ: 'ಕಡತ ಲಭ್ಯವಿಲ್ಲ'. ಅದನ್ನು ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ, ತಾರೀಖು, ಸಹಿ, ಮೊಹರು ಇರುವ ಹಿಂಬರಹ ತೆಗೆದುಕೊಳ್ಳಿ. ನಾಳೆ ಯಾರಾದರೂ ತಡ ಯಾಕಾಯಿತು ಎಂದು ಕೇಳಿದರೆ ಮೇಜಿನ ಮೇಲೆ ಇಡಲು ಆ ಹಾಳೆ ಬೇಕಾಗುತ್ತದೆ.